ಉಳಿದದ್ದು, ಬಾಡಿದ್ದು, ಹುಳಿಯಾದದ್ದು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಡುಗೆಮನೆಯ ಖರ್ಚು ತಗ್ಗಿಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಮನೆಯಲ್ಲಿ ಆಗಲೇ ಇರುವುದನ್ನು ಕೆಡುವ ಮೊದಲೇ ಬಳಸುವುದು ಹೇಗೆ? ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾಲ್ಕು ಜನರ ಸಂಸಾರ. ತರಕಾರಿ, ದಿನಸಿಗೆ ತಿಂಗಳೂ ತಿಂಗಳೂ ಅಂದುಕೊಂಡದ್ದಕ್ಕಿಂತ ಜಾಸ್ತಿ ಹೋಗುತ್ತಿದೆ. ಎಲ್ಲಿ ಕೈ ಬಿಗಿ ಮಾಡಬೇಕೆಂದೇ ತಿಳಿಯುತ್ತಿಲ್ಲ. (ತುಮಕೂರು)

ಅಂಗಡಿಯ ಚೀಟಿಗಿಂತ ಮೊದಲು ಕಸದ ಬುಟ್ಟಿ ನೋಡಿ. ಒಂದು ವಾರ, ಬಿಸಾಡುವ ಪ್ರತಿಯೊಂದನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ: ಏನು, ಎಷ್ಟು, ಯಾಕೆ. ‘ಅರ್ಧ ಕಟ್ಟು ಸಬ್ಬಸಿಗೆ, ಕೊಳೆಯಿತು’, ‘ಎರಡು ಬಟ್ಟಲು ಅನ್ನ, ಯಾರೂ ಉಣ್ಣಲಿಲ್ಲ’, ಇಷ್ಟು ಸಾಕು. ಬಹುತೇಕ ಮನೆಗಳಲ್ಲಿ ಈ ಪಟ್ಟಿಯಲ್ಲಿ ಸೊಪ್ಪು, ಅನ್ನ ಮತ್ತು ‘ಒಂದೊಂದೇ ಉಳಿದ’ ತರಕಾರಿ ಮತ್ತೆ ಮತ್ತೆ ಬರುತ್ತವೆ. ಎಣ್ಣೆ, ಬೇಳೆಯಲ್ಲಿ ಅಗ್ಗದ್ದನ್ನು ಹುಡುಕಿ ಉಳಿಸುವುದಕ್ಕಿಂತ ಈ ಮೂರನ್ನು ಹಿಡಿದಿಟ್ಟರೆ ಊಟದ ರುಚಿ ಕೆಡದೆ ಹಣ ಉಳಿಯುತ್ತದೆ.

ಆಮೇಲೆ ಎರಡು ಕೆಲಸ. ಫ್ರಿಜ್ಜಿನಲ್ಲಿ ಕಣ್ಣಿಗೆ ನೇರ ಕಾಣುವ ಶೆಲ್ಫಿನ ಮುಂಭಾಗದಲ್ಲಿ ಒಂದು ತೆರೆದ ಬುಟ್ಟಿ ಇಡಿ. ಹೆಚ್ಚಿ ಉಳಿದ ಅರ್ಧ ಈರುಳ್ಳಿ, ನಾಲ್ಕು ಬೀನ್ಸ್, ತುಂಡು ಕ್ಯಾರೆಟ್ ಎಲ್ಲವೂ ಅದರಲ್ಲೇ ಇರಲಿ. ಕೆಳಗಿನ ತರಕಾರಿ ಡಬ್ಬಕ್ಕೆ ಸೇರಿದ ತುಂಡು ಮತ್ತೆ ಕಣ್ಣಿಗೆ ಬೀಳುವುದು ಕೊಳೆತ ಮೇಲೆಯೇ. ಎರಡನೆಯದು, ಸಂತೆಯ ಅಥವಾ ಮಾರುಕಟ್ಟೆಯ ಹಿಂದಿನ ದಿನ ಹೊಸದೇನನ್ನೂ ತರದೆ ಆ ಬುಟ್ಟಿಯನ್ನು ಖಾಲಿ ಮಾಡುವ ಒಂದು ಅಡುಗೆ ಮಾಡಿ: ಕೂಟು, ಸಾಗು, ಬಿಸಿಬೇಳೆಬಾತು, ಯಾವುದಾದರೂ ಸರಿ. ಬೆರಕೆ ತರಕಾರಿಯ ಅಡುಗೆ ಕೆಡುವುದು ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಸುರಿದಾಗ. ಕ್ಯಾರೆಟ್, ಬೀನ್ಸ್, ನವಿಲುಕೋಸು ಮೊದಲು. ಅವು ಅರ್ಧ ಬೆಂದ ಮೇಲೆ ಆಲೂಗಡ್ಡೆ, ಬದನೆ. ಸೋರೆ, ಹೀರೆ, ಸೀಮೆಬದನೆ ಕೊನೆಯ ಆರೇಳು ನಿಮಿಷಕ್ಕೆ. ಹುಣಸೆರಸ ಎಲ್ಲವೂ ಬೆಂದ ನಂತರವೇ, ಏಕೆಂದರೆ ಹುಳಿ ಬಿದ್ದ ಮೇಲೆ ಬೇಯದ ತರಕಾರಿ ಮತ್ತೆ ಮೆತ್ತಗಾಗುವುದು ಕಷ್ಟ.

ಬಾಡಿದ ಬೀನ್ಸ್, ಕ್ಯಾರೆಟ್, ಮೂಲಂಗಿಯನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಬಹುಮಟ್ಟಿಗೆ ಬಿಗಿಯಾಗುತ್ತವೆ. ಅವು ಕಳೆದುಕೊಂಡಿರುವುದು ನೀರನ್ನಷ್ಟೇ. ಲೋಳೆ ಬಂದಿದ್ದರೆ ಅದು ಬಾಡಿದ್ದಲ್ಲ, ಕೊಳೆತದ್ದು. ಅದನ್ನು ಗೊಬ್ಬರದ ಗುಂಡಿಗೆ ಹಾಕಿ.

ಪ್ರಶ್ನೆ: ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುತ್ತೇವೆ. ಅದು ಒಳ್ಳೆಯದಲ್ಲ ಎಂದು ಮಗಳು ಹೇಳುತ್ತಾಳೆ. ನಿಜವೇ? ಚಿತ್ರಾನ್ನ ಬಿಟ್ಟು ಬೇರೇನು ಮಾಡಬಹುದು? (ಮೈಸೂರು)

ಮಗಳ ಮಾತಿನಲ್ಲಿ ಅರ್ಧ ಸತ್ಯವಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಅನ್ನ ಕುದಿದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಹೊರಗೆ ಕೂತಷ್ಟು ಹೊತ್ತು ಅವು ಬೆಳೆದು ವಾಂತಿ ತರಿಸುವ ವಿಷ ಬಿಡುತ್ತವೆ. ಬೆಳಿಗ್ಗೆ ಎಷ್ಟೇ ಹುರಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ನೋಡಬೇಕಾದದ್ದು ಬೆಳಿಗ್ಗೆ ಏನು ಮಾಡುತ್ತೀರಿ ಎಂಬುದನ್ನಲ್ಲ, ರಾತ್ರಿ ಏನು ಮಾಡಿದಿರಿ ಎಂಬುದನ್ನು. ಊಟ ಮುಗಿಯುತ್ತಲೇ ಅನ್ನವನ್ನು ಅಗಲ ತಟ್ಟೆಗೆ ಹರವಿ, ಹಬೆ ಹೋದ ಕೂಡಲೇ ಮುಚ್ಚಿ ಫ್ರಿಜ್ಜಿಗಿಡಿ; ಮಾಡಿದ ಎರಡು ಗಂಟೆಯೊಳಗೆ ಅದು ಒಳಗಿರಬೇಕು, ಸೆಕೆಗಾಲದಲ್ಲಿ ಇನ್ನೂ ಬೇಗ. ಕುಕ್ಕರಿನಲ್ಲೇ ಬಿಟ್ಟರೆ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಮರುದಿನವೇ ಬಳಸಿ, ಒಮ್ಮೆ ಮಾತ್ರ ಬಿಸಿ ಮಾಡಿ, ಹಬೆಯಾಡುವಷ್ಟು ಬಿಸಿ ಮಾಡಿ. ರಾತ್ರಿಯಿಡೀ ಹೊರಗಿದ್ದ ಅನ್ನಕ್ಕೆ ನಿಂಬೆರಸ ಹಿಂಡಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ.

ಹೀಗೆ ಇಟ್ಟ ಅನ್ನ ಚಿತ್ರಾನ್ನಕ್ಕೆ ಬಿಸಿ ಅನ್ನಕ್ಕಿಂತ ಮೇಲು, ಅಗುಳು ಬಿಡಿಬಿಡಿಯಾಗಿರುತ್ತದೆ. ಬೇರೆ ದಾರಿಗಳಲ್ಲಿ ನಮ್ಮ ಮೊದಲ ಆಯ್ಕೆ ಅಕ್ಕಿರೊಟ್ಟಿ. ಒಂದು ಬಟ್ಟಲು ಅನ್ನವನ್ನು ಅಗುಳು ಉಳಿಯದಂತೆ ಕೈಯಲ್ಲಿ ಚೆನ್ನಾಗಿ ಕಿವುಚಿ. ಅದಕ್ಕೆ ಒಂದೂಕಾಲು ಬಟ್ಟಲು ಅಕ್ಕಿಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಹಿಡಿ ಸಬ್ಬಸಿಗೆ, ಎರಡು ಚಮಚ ತೆಂಗಿನ ತುರಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು. ಮೊದಲು ಹಾಗೇ ಕಲೆಸಿ. ಅನ್ನದ ಮತ್ತು ಈರುಳ್ಳಿಯ ನೀರು ಬಿಟ್ಟ ಮೇಲೆ ಬೇಕಾದಷ್ಟೇ ನೀರು ಚಿಮುಕಿಸಿ. ಹಿಟ್ಟು ಬಿಸಿನೀರಿನಲ್ಲಿ ಕಲೆಸುವ ಅಗತ್ಯವಿಲ್ಲ, ಬೆಂದ ಅನ್ನವೇ ಅಂಟು ಕೊಡುತ್ತದೆ. ಹಿಟ್ಟಿಗಿಂತ ಅನ್ನ ಹೆಚ್ಚಾದರೆ ರೊಟ್ಟಿ ಹೆಂಚಿಗೆ ಹಿಡಿಯುತ್ತದೆ, ಗರಿಯಾಗುವುದಿಲ್ಲ. ತಟ್ಟುವಾಗ ಅಂಚು ಒಡೆದರೆ ಅನ್ನ ಸರಿಯಾಗಿ ಕಿವುಚಿಲ್ಲವೆಂದು ತಿಳಿಯಿರಿ.

ದೋಸೆಗೆ ನೆನೆಹಾಕಿದ್ದರೆ ಅವಲಕ್ಕಿಯ ಬದಲು ಅರ್ಧ ಬಟ್ಟಲು ಅನ್ನ ಸೇರಿಸಿ ರುಬ್ಬಿ. ಮೂರು ಬಟ್ಟಲು ಅಕ್ಕಿಗೆ ಇಷ್ಟು ಸಾಕು. ಬೇಸಿಗೆಯಲ್ಲಾದರೆ ಅನ್ನದ ಸಂಡಿಗೆ ಇದೆ. ಎರಡು ಬಟ್ಟಲು ಅನ್ನ, ನಾಲ್ಕು ಹಸಿಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಚಿಟಿಕೆ ಇಂಗು, ರುಚಿಗೆ ಬೇಕೆನಿಸುವುದಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ನೀರು ಆರಿದ ಮೇಲೆ ಉಪ್ಪು ಎದ್ದು ಕಾಣುತ್ತದೆ, ಅದಕ್ಕೇ ಕಡಿಮೆ. ತರಿಯಾಗಿ ರುಬ್ಬಿ, ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಬಟ್ಟೆಯ ಮೇಲೆ ಇಡಿ. ಮುರಿದರೆ ‘ಟಕ್’ ಎನ್ನುವವರೆಗೆ, ಎರಡು ಮೂರು ದಿನ, ಒಣಗಲಿ. ತುಪ್ಪ, ಹಾಲು ಅಥವಾ ಸಾರು ಬಿದ್ದ ಅನ್ನವನ್ನು ಸಂಡಿಗೆಗೆ ಬಳಸಬೇಡಿ. ಜಿಡ್ಡು ಕನರು ಹಿಡಿದು ಡಬ್ಬಿಯಷ್ಟೂ ಹಾಳಾಗುತ್ತದೆ.

ಪ್ರಶ್ನೆ: ನಮ್ಮತ್ತೆಯವರು ತಂಗಳು ಮುಟ್ಟುವುದಿಲ್ಲ, ಬೇರೆಯವರಿಗೂ ಬಡಿಸಲು ಬಿಡುವುದಿಲ್ಲ. ಹೀಗಿರುವಾಗ ಉಳಿತಾಯ ಹೇಗೆ? (ಶೃಂಗೇರಿ)

ಹಿರಿಯರ ಜೊತೆ ವಾದಕ್ಕಿಳಿಯಬೇಡಿ, ಅವರ ನಿಯಮದೊಳಗೇ ದಾರಿಯಿದೆ. ತಂಗಳು ಎಂಬುದು ಬೆಂದ ಅಡುಗೆಗೆ. ಹಸಿಯ ತರಕಾರಿ, ಸಿಪ್ಪೆ, ದಂಟು, ಬೀಜಕ್ಕೆ ಅದು ತಟ್ಟುವುದಿಲ್ಲ. ಉಳಿತಾಯವನ್ನು ಒಲೆ ಹಚ್ಚುವ ಮೊದಲೇ ಮಾಡಿ. ಅಕ್ಕಿಯನ್ನು ಕಣ್ಣಳತೆಯಲ್ಲಿ ಹಾಕದೆ ಅಳೆದು ಹಾಕಿ: ಅನ್ನದ ಜೊತೆ ಬೇರೆ ಪದಾರ್ಥವಿರುವ ಊಟಕ್ಕೆ ಒಬ್ಬರಿಗೆ 75 ಗ್ರಾಂ ಅಕ್ಕಿಯಿಂದ ಆರಂಭಿಸಿ, ಒಂದು ವಾರ ನೋಡಿ ನಿಮ್ಮ ಮನೆಯ ಅಳತೆ ಗೊತ್ತುಮಾಡಿ, ಆ ಗೆರೆಯನ್ನು ಲೋಟದ ಮೇಲೆ ಗುರುತು ಮಾಡಿಡಿ. ಸಾರಿನ ಬೇಳೆಯನ್ನು ಎರಡು ಹೊತ್ತಿಗೆ ಬೇಯಿಸಿಕೊಳ್ಳಿ ಎಂದು ನಿಮ್ಮ ಮನೆಯಲ್ಲಿ ಹೇಳುವಂತಿಲ್ಲ. ಆದರೆ ಸಾರಿನ ಪುಡಿ, ಹುರಿದ ಮಸಾಲೆ, ಚಟ್ನಿಪುಡಿ ತಯಾರಿದ್ದರೆ ಹೊತ್ತು ಹೊತ್ತಿಗೆ ಸ್ವಲ್ಪವೇ ಮಾಡುವುದು ಹೊರೆಯಾಗುವುದಿಲ್ಲ.

ಪ್ರಶ್ನೆ: ಸಿಪ್ಪೆಗಳಿಂದ ಅಡುಗೆ ಮಾಡಬಹುದು ಎನ್ನುತ್ತಾರೆ. ಯಾವುದು ನಿಜಕ್ಕೂ ತಿನ್ನುವಂತಿರುತ್ತದೆ? (ಹಾಸನ)

ಎಲ್ಲ ಸಿಪ್ಪೆಯೂ ಶ್ರಮಕ್ಕೆ ತಕ್ಕದ್ದಲ್ಲ. ನಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನ ಹೀರೆಕಾಯಿಗೆ. ಎರಡು ಎಳೆ ಹೀರೆಕಾಯಿಯ ಏಣು ಮತ್ತು ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಎರಡು ಟೀ ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ನೀರಿನಂಶ ಪೂರ್ತಿ ಹೋಗುವವರೆಗೆ, ಏಳೆಂಟು ನಿಮಿಷ, ಹುರಿಯಿರಿ. ಇಲ್ಲಿ ಆತುರಪಟ್ಟರೆ ಚಟ್ನಿಗೆ ಹಸಿ ಹುಲ್ಲಿನ ವಾಸನೆ ಬರುತ್ತದೆ, ನಾರೂ ಬಾಯಿಗೆ ಸಿಗುತ್ತದೆ. ಬೇರೆಯಾಗಿ ಒಂದು ಚಮಚ ಉದ್ದಿನಬೇಳೆ, ಒಂದು ಚಮಚ ಕಡಲೆಬೇಳೆ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಹುರಿದು, ಗೋಲಿಯಷ್ಟು ಹುಣಸೆಹಣ್ಣು, ಕಾಲು ಬಟ್ಟಲು ಕಾಯಿತುರಿ, ಉಪ್ಪು, ಚೂರು ಬೆಲ್ಲ ಸೇರಿಸಿ ತರಿಯಾಗಿ ರುಬ್ಬಿ. ಬಲಿತ ಕಾಯಿಯ ಏಣನ್ನು ಮಾತ್ರ ಎಸೆಯಿರಿ.

ಒಂದು ಎಚ್ಚರಿಕೆ: ಹೀರೆ, ಸೋರೆ, ಸೌತೆ ಯಾವುದನ್ನೇ ಆಗಲಿ ಹೆಚ್ಚುವ ಮೊದಲು ಚೂರು ತಿಂದು ನೋಡಿ. ಕಹಿಯಿದ್ದರೆ ಸಿಪ್ಪೆ, ತಿರುಳು ಎರಡನ್ನೂ ಬಿಸಾಡಿ. ಆ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಬೇಯಿಸಿದರೆ ಹೋಗುವುದಿಲ್ಲ, ಹೊಟ್ಟೆಗೆ ತೀವ್ರ ತೊಂದರೆ ಕೊಡುತ್ತದೆ. ಇಲ್ಲಿ ಇಪ್ಪತ್ತು ರೂಪಾಯಿ ಉಳಿಸಲು ಹೋಗಬಾರದು.

ಕಲ್ಲಂಗಡಿಯದು ಕರಾವಳಿಯ ಜಾಣತನ; ಅಲ್ಲಿ ಬಚ್ಚಂಗಾಯಿ ದೋಸೆ ಬೇಸಿಗೆಯ ಮಾಮೂಲಿ ತಿಂಡಿ. ಹೊರಗಿನ ಹಸಿರು ಹೊಟ್ಟು ತೆಗೆದು ಬಿಳಿ ಭಾಗವನ್ನು ಹೆಚ್ಚಿದರೆ ಎರಡು ಬಟ್ಟಲು ಬೇಕು. ಒಂದೂವರೆ ಬಟ್ಟಲು ದೋಸೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಇದರ ಜೊತೆಗೇ ನುಣ್ಣಗೆ ರುಬ್ಬಿ. ನೀರು ಹಾಕಬೇಡಿ, ಆ ತಿರುಳಿನಲ್ಲೇ ಬೇಕಾದಷ್ಟಿದೆ. ನೀರು ಹೆಚ್ಚಾದರೆ ದೋಸೆ ಏಳುವುದಿಲ್ಲ. ಆಗ ಎರಡು ಚಮಚ ಅಕ್ಕಿಹಿಟ್ಟು ಸೇರಿಸಿ. ಕಾವಲಿ ಚೆನ್ನಾಗಿ ಕಾದಿರಲಿ, ಮುಚ್ಚಿ ಬೇಯಿಸಿ. ಇದೇ ಬಿಳಿ ಭಾಗ ಹುಳಿಗೂ ಪಲ್ಯಕ್ಕೂ ಆಗುತ್ತದೆ, ಸೋರೆಕಾಯಿಯ ಹಾಗೇ ವರ್ತಿಸುತ್ತದೆ.

ಉಳಿದವನ್ನು ಬೇಗ ಹೇಳುತ್ತೇವೆ. ಕಿತ್ತಳೆ ಸಿಪ್ಪೆಯ ಗೊಜ್ಜಿಗೆ ಸಿಪ್ಪೆಯನ್ನು ಚೂರು ಮಾಡಿ ಎಣ್ಣೆಯಲ್ಲಿ ಬಾಡಿಸಿ, ಹುಣಸೆ ಮತ್ತು ಬೆಲ್ಲ ಎರಡೂ ಧಾರಾಳವಾಗಿರಲಿ. ಕಹಿ ತಡೆಯದವರು ಒಮ್ಮೆ ಕುದಿಸಿ ನೀರು ಬಸಿಯಬಹುದು. ದಾಳಿಂಬೆ ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿಟ್ಟರೆ ರೂಪಾಯಿ ಅಗಲದ ಒಂದು ಚೂರು ಒಂದು ಹೊತ್ತಿನ ತಂಬುಳಿಗೆ ಸಾಕು: ತುಪ್ಪದಲ್ಲಿ ಜೀರಿಗೆ, ಮೆಣಸಿನ ಜೊತೆ ಹುರಿದು, ಕಾಯಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸುವುದು. ಬಾಳೆಕಾಯಿ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಹಾಕಿಟ್ಟರೆ ಕಪ್ಪಾಗುವುದಿಲ್ಲ, ಒಗರೂ ಇಳಿಯುತ್ತದೆ. ಹೆಸರುಕಾಳಿನ ಜೊತೆ ಪಲ್ಯ ಮಾಡಿ. ಮೂಲಂಗಿ ಸೊಪ್ಪು, ಹೂಕೋಸಿನ ದಂಟು, ಬೀಟ್‌ರೂಟಿನ ಎಲೆ ಇವುಗಳಿಗೆ ವಿಧಾನ ಬೇಕಿಲ್ಲ, ಸೊಪ್ಪಿನ ಪಲ್ಯದ ಹಾಗೇ. ಆಲೂಗಡ್ಡೆ ಮಾತ್ರ ಬೇರೆ: ಹಸಿರಾದ ಭಾಗ, ಮೊಳಕೆ, ಅದರ ಸುತ್ತಲಿನ ತಿರುಳು ಸೋಲನಿನ್ ಎಂಬ ವಿಷದ ಅಂಶವಿರುವ ಜಾಗ. ಆಳವಾಗಿ ಕೆತ್ತಿ ತೆಗೆಯಿರಿ. ಗಡ್ಡೆಯ ಬಹುಪಾಲು ಹಸಿರಾಗಿದ್ದರೆ ಪೂರ್ತಿ ಎಸೆಯಿರಿ.

ಸಿಪ್ಪೆ ತಿನ್ನುವುದಾದರೆ ಕಾಯಿಯನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಬಕೆಟ್ಟಿನಲ್ಲಿ ಅದ್ದಿ ತೆಗೆದರೆ ಮಣ್ಣು ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ, ಅಷ್ಟೇ.

ಪ್ರಶ್ನೆ: ಇಡ್ಲಿ ಹಿಟ್ಟು ನಾಲ್ಕನೇ ದಿನಕ್ಕೆ ಬಾಯಿಗಿಡಲಾಗದಷ್ಟು ಹುಳಿ. ಸೋಡಾ ಹಾಕಿದರೆ ರುಚಿಯೇ ಕೆಡುತ್ತದೆ. (ದಾವಣಗೆರೆ)

ಸೋಡಾ ಹುಳಿಯನ್ನು ಕೊಲ್ಲುತ್ತದೆ ನಿಜ. ಒಂದು ಲೀಟರ್ ಹಿಟ್ಟಿಗೆ ಎರಡು ಬೆರಳಿನ ಚಿಟಿಕೆ ದಾಟಿದರೆ ಸಾಬೂನಿನ ರುಚಿಯೂ ಬರುತ್ತದೆ. ಹುಳಿಯನ್ನು ಕೊಲ್ಲುವ ಬದಲು ಹಂಚಿಬಿಡಿ. ಎರಡು ಬಟ್ಟಲು ಹುಳಿಹಿಟ್ಟಿಗೆ ಅರ್ಧ ಬಟ್ಟಲು ಸಣ್ಣ ರವೆ, ಎರಡು ಚಮಚ ಅಕ್ಕಿಹಿಟ್ಟು, ಬೇಕಾದಷ್ಟು ನೀರು ಬೆರೆಸಿ ಇಪ್ಪತ್ತು ನಿಮಿಷ ಬಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕಾಯಿಚೂರು ಹಾಕಿ ಪಡ್ಡು ಮಾಡಿ. ದಾವಣಗೆರೆಯವರಿಗೆ ಪಡ್ಡಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಡ್ಲಿಗೆ ಈ ಹಿಟ್ಟು ಒಗ್ಗುವುದಿಲ್ಲ. ಗಾಳಿ ಹೋಗಿರುವುದರಿಂದ ಚಪ್ಪಟೆ ಕೂರುತ್ತದೆ. ದೋಸೆಯಾದರೆ ಬಿಳುಪಾಗಿಯೇ ಉಳಿಯುತ್ತದೆ, ಹುದುಗು ಹಿಟ್ಟಿನ ಸಕ್ಕರೆಯನ್ನು ತಿಂದುಬಿಟ್ಟಿರುತ್ತದೆ. ಅರ್ಧ ಟೀ ಚಮಚ ಸಕ್ಕರೆ ಹಾಕಿದರೆ ಕೆಂಪು ಬರುತ್ತದೆ.

ಮುಂದಿನ ಸಲ ಹಿಟ್ಟು ಉಬ್ಬಿದ ಕೂಡಲೇ ಆ ದಿನಕ್ಕೆ ಬೇಕಾದಷ್ಟನ್ನು ಬೇರೆ ಪಾತ್ರೆಗೆ ತೆಗೆದು, ಉಳಿದದ್ದನ್ನು ಕಲಕದೆ ಫ್ರಿಜ್ಜಿಗಿಡಿ. ದಿನವೂ ಪೂರ್ತಿ ಪಾತ್ರೆಯನ್ನು ಹೊರಗಿಟ್ಟು ಒಳಗಿಡುವುದರಿಂದಲೇ ಹುಳಿ ಏರುವುದು. ಮೇಲೆ ಗುಲಾಬಿ, ಕಿತ್ತಳೆ ಅಥವಾ ಕಪ್ಪು ಚುಕ್ಕೆ ಕಂಡರೆ ಕೆನೆ ತೆಗೆದ ಹಾಗೆ ತೆಗೆದು ಬಳಸಬೇಡಿ, ಇಡೀ ಹಿಟ್ಟು ಚೆಲ್ಲಿ.

ಪ್ರಶ್ನೆ: ಹುಳಿ ಮೊಸರಿನಿಂದ ಮಜ್ಜಿಗೆಹುಳಿ ಮಾಡಿದರೆ ಒಡೆಯುತ್ತದೆ. (ಮಂಡ್ಯ)

ಮೊಸರು ಹುಳಿಯಾದಷ್ಟೂ ಬಿಸಿಗೆ ಬೇಗ ಒಡೆಯುತ್ತದೆ. ಎರಡು ಬಟ್ಟಲು ಮೊಸರಿಗೆ ಒಂದು ಚಮಚ ಕಡಲೆಬೇಳೆ ಮತ್ತು ಒಂದು ಟೀ ಚಮಚ ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಕಾಯಿ, ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿಯೊಂದಿಗೆ ನುಣ್ಣಗೆ ರುಬ್ಬಿ. ಈ ಮಸಾಲೆಯನ್ನು ಬೆಂದ ಬೂದುಗುಂಬಳಕ್ಕೆ ಹಾಕಿ ಮೊದಲು ಚೆನ್ನಾಗಿ ಕುದಿಸಿ. ಆಮೇಲೆ ಉರಿ ಸಣ್ಣ ಮಾಡಿ, ಕಡೆದ ಮೊಸರು ಹಾಕಿ, ಕೈಯಾಡಿಸುತ್ತಲೇ ಇದ್ದು, ಅಂಚಿನಲ್ಲಿ ನೊರೆ ಎದ್ದ ಕೂಡಲೇ ಇಳಿಸಿ. ಮುಚ್ಚಳ ಬೇಡ. ತೀರಾ ಹುಳಿಯಾದದ್ದನ್ನು ನೀರುಮಜ್ಜಿಗೆ ಮಾಡಿ ಉಪ್ಪು ಹಾಕಿ, ಬಾಳಕದ ಮೆಣಸಿನಕಾಯಿಗೆ ಬಳಸಿ. ಅಲ್ಲಿ ಹುಳಿ ಹೆಚ್ಚಿದ್ದಷ್ಟೂ ಒಳ್ಳೆಯದು.

ಪ್ರಶ್ನೆ: ನಮ್ಮ ಮನಿಯಾಗ ದಿನಾ ಜ್ವಾಳದ ರೊಟ್ಟಿ ಬಡೀತೇವಿ. ಮೂರ್ನಾಲ್ಕು ಉಳದ್ರ ಮರುದಿನ ಯಾರೂ ಮುಟ್ಟಂಗಿಲ್ಲ. (ಗದಗ)

ಅವತ್ತೇ ರಾತ್ರಿ, ರೊಟ್ಟಿ ಇನ್ನೂ ಮೆತ್ತಗಿರುವಾಗ, ಸಣ್ಣ ಉರಿಯ ಹೆಂಚಿನ ಮೇಲೆ ಬಟ್ಟೆಯಿಂದ ಒತ್ತುತ್ತ ಎರಡೂ ಬದಿ ಗರಿಯಾಗುವವರೆಗೆ ಬೇಯಿಸಿ ಕಡಕ್ ಮಾಡಿಬಿಡಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ದಪ್ಪ ರೊಟ್ಟಿಯ ಒಳಗೆ ಹಸಿ ಉಳಿದು ಬೂಸ್ಟು ಬರುತ್ತದೆ, ಅದಕ್ಕೆ ಈ ವಿಧಾನ ತೆಳ್ಳನೆಯ ರೊಟ್ಟಿಗಷ್ಟೇ.

ದಪ್ಪ ರೊಟ್ಟಿಯಾದರೆ ಒಗ್ಗರಣೆ. ನಾಲ್ಕು ರೊಟ್ಟಿ ಮುರಿದಿಡಿ. ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ, ಮುಕ್ಕಾಲು ಬಟ್ಟಲು ನೀರು ಮತ್ತು ಉಪ್ಪು ಕುದಿಸಿ. ಕುದಿಯುವ ನೀರಿಗೆ ರೊಟ್ಟಿ ಸುರಿದು, ಒಮ್ಮೆ ಹೊರಳಿಸಿ, ಮುಚ್ಚಿ ಮೂರು ನಿಮಿಷ. ಮೇಲೆ ಶೇಂಗಾ ಹಿಂಡಿ. ಮೊದಲೇ ನೀರಲ್ಲಿ ನೆನೆಸಿದರೆ ಮುದ್ದೆಯಾಗುತ್ತದೆ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ.

ಪ್ರಶ್ನೆ: ರವೆಯಲ್ಲಿ ಹುಳ ಬಂದರೆ ಎಸೆಯಲೇಬೇಕೇ? (ಚಿತ್ರದುರ್ಗ)

ಒಂದೆರಡು ಹುಳ ಓಡಾಡುತ್ತಿದ್ದರೆ ಜರಡಿ ಹಿಡಿದು, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಬೇಗ ಬಳಸಿ. ಬಲೆ ಕಟ್ಟಿ ಗಂಟಾಗಿದ್ದರೆ, ಕಮಟು ವಾಸನೆ ಬಂದಿದ್ದರೆ ಎಸೆಯಿರಿ. ಹೊಸದಾಗಿ ತಂದ ರವೆ, ಮೈದಾ, ಕಡಲೆಹಿಟ್ಟನ್ನು ಪ್ಯಾಕೆಟ್ ಸಮೇತ ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ ಒಳಗಿನ ಮೊಟ್ಟೆಗಳು ಸಾಯುತ್ತವೆ. ಹೊರತೆಗೆದ ಮೇಲೆ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಪ್ಯಾಕೆಟ್ ಬಿಚ್ಚಬೇಡಿ, ಇಲ್ಲದಿದ್ದರೆ ನೀರು ಹಿಡಿಯುತ್ತದೆ. ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ಬಿಡಿ. ಕಡಲೆಕಾಯಿ ಬೀಜಕ್ಕೆ ಬೂಸ್ಟು ಬಂದರೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಅಲ್ಲಿ ಬೆಳೆಯುವ ಶಿಲೀಂಧ್ರ ಬಿಡುವ ಅಫ್ಲಾಟಾಕ್ಸಿನ್ ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಹಾನಿ.

ಪ್ರಶ್ನೆ: ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು? (ಹುಬ್ಬಳ್ಳಿ)

ಮತ್ತೆ ಕರಿಯಲು ಬಳಸದಿದ್ದರೆ ಒಳಿತು. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಮುಚ್ಚಿ ಕತ್ತಲಲ್ಲಿಟ್ಟು, ಎರಡು ಮೂರು ದಿನದಲ್ಲಿ ಒಗ್ಗರಣೆ, ಪಲ್ಯಕ್ಕೆ ಮುಗಿಸಿ. ತಳದ ಕರಿ ಚೂರುಗಳೇ ಎಣ್ಣೆಯನ್ನು ಬೇಗ ಕೆಡಿಸುವುದು. ಹೋಟೆಲು, ತಿಂಡಿ ಉದ್ಯಮಗಳಿಗೆ ಕಾನೂನಿನ ಮಿತಿಯೇ ಇದೆ: ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು) ಶೇ 25 ದಾಟಿದರೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯಲಾಗದು, ಬಣ್ಣ ಕಪ್ಪಾಗಿ, ಕೈಗೆ ಜಿಗುಟಾಗಿ, ಕಾಯಿಸಿದಾಗ ನೊರೆಯೆದ್ದು ಬೇಗನೆ ಹೊಗೆ ಬಂದರೆ ಅದರ ಆಯುಷ್ಯ ಮುಗಿಯಿತು. ಚರಂಡಿಗೆ ಸುರಿಯಬೇಡಿ. ಕರಿಯುವಾಗಲೇ ಚಿಕ್ಕ, ಆಳದ ಬಾಣಲೆ ಹಿಡಿದರೆ ಉಳಿಯುವ ಎಣ್ಣೆಯೇ ಕಡಿಮೆ.

ಪ್ರಶ್ನೆ: ಬೆಂಗಳೂರಿನಲ್ಲಿ ಒಬ್ಬನೇ ರೂಮಿನಲ್ಲಿದ್ದೇನೆ. ತೆಂಗಿನಕಾಯಿ, ಕೊತ್ತಂಬರಿ ಅರ್ಧ ಬಳಸುವಷ್ಟರಲ್ಲಿ ಇನ್ನರ್ಧ ಹಾಳು.

ಕಾಯಿ ಒಡೆದಾಗ ಕಣ್ಣಿರುವ ಹೋಳನ್ನು ಮೊದಲು ಬಳಸಿ, ಅದೇ ಬೇಗ ಕೆಡುವುದು. ಇನ್ನೊಂದನ್ನು ಮರುದಿನಕ್ಕೆ ಮುಂದೂಡದೆ ಅವತ್ತೇ ತುರಿದು, ಒಂದು ಹೊತ್ತಿಗೆ ಬೇಕಾದಷ್ಟನ್ನು ಚಪ್ಪಟೆ ಪೊಟ್ಟಣ ಮಾಡಿ ಫ್ರೀಜರಿನಲ್ಲಿಡಿ. ಚಪ್ಪಟೆಯಾಗಿದ್ದರೆ ಬೇಕಾದಷ್ಟು ಮುರಿದುಕೊಳ್ಳಬಹುದು. ಚಟ್ನಿಗೆ ಬೆಚ್ಚನೆಯ ನೀರು ಹಾಕಿ ರುಬ್ಬಿ, ತಣ್ಣಗಿದ್ದರೆ ಕೊಬ್ಬು ಬೇರೆಯಾಗಿ ಮಿಕ್ಸಿಯ ಗೋಡೆಗೆ ಅಂಟುತ್ತದೆ.

ಕೊತ್ತಂಬರಿಯನ್ನು ತಂದ ದಿನ ತೊಳೆಯಬೇಡಿ. ಬೇರು ಕತ್ತರಿಸಿ, ಕೊಳೆತ ಎಲೆ ಆಯ್ದು, ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಸುದ್ದಿಪತ್ರಿಕೆ ಬೇಡ, ಶಾಯಿ ತಿನ್ನುವ ಪದಾರ್ಥಕ್ಕೆ ಅಂಟುತ್ತದೆ. ದಂಟನ್ನು ಎಸೆಯುವುದು ದಂಡ. ಅದರಲ್ಲಿ ಎಲೆಗಿಂತ ಘಮ ಕಡಿಮೆಯೇನಿಲ್ಲ. ತಿಳಿಸಾರು ಕುದಿಯುವಾಗ ಕಟ್ಟಿ ಹಾಕಿ ಕೊನೆಗೆ ತೆಗೆದುಬಿಡಿ, ಅಥವಾ ಚಟ್ನಿಗೆ ಪೂರ್ತಿ ರುಬ್ಬಿ.

ಪ್ರಶ್ನೆ: ಜರ್ಮನಿಯಲ್ಲಿದ್ದೇವೆ. ಕರಿಬೇವು ಇಲ್ಲಿ ದುಬಾರಿ, ಸಿಕ್ಕಾಗ ಹೆಚ್ಚು ತರುತ್ತೇವೆ, ಕಪ್ಪಾಗುತ್ತದೆ.

ತೊಳೆದು, ಬಟ್ಟೆಯ ಮೇಲೆ ತೇವ ಪೂರ್ತಿ ಆರಿಸಿ, ಕಡ್ಡಿಯಿಂದ ಬಿಡಿಸಿ, ಗಾಳಿ ಕಡಿಮೆ ಇರುವ ಚೀಲದಲ್ಲಿ ಫ್ರೀಜ್ ಮಾಡಿ. ಬಳಸುವಾಗ ಹೊರಗಿಟ್ಟು ಕರಗಿಸಬಾರದು, ಕಪ್ಪಾಗುವುದು ಆಗಲೇ. ಚೀಲದಿಂದ ನೇರ ಎಣ್ಣೆಗೆ ಹಾಕಿ. ಮಂಜಿನ ಹನಿ ಇದ್ದರೆ ಸಿಡಿಯುತ್ತದೆ, ಮುಚ್ಚಳ ಕೈಯಲ್ಲಿರಲಿ.